ಪದ ಪರಿಚಯ: ಪೆಸ್ಟ್ ಕಂಟ್ರೋಲ್ ಲೈಸೆನ್ಸ್ ಅಂದರೆ ಯಾವ ಲೈಸೆನ್ಸ್?

ಮಳೆ ನಿಂತ ಕೂಡಲೇ ಮಂಗಳೂರಿನ ಕದ್ರಿ, ಬಿಜೈ ಕಡೆಯ ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಜಿರಳೆಗೆ, ಒರಲೆಗೆ ಯಾರನ್ನು ಕರೆಯುವುದು? ಎರಡು ಮೂರು ಕೊಟೇಶನ್ ಬರುತ್ತವೆ. ಎಲ್ಲದರ ತಲೆಯಲ್ಲೂ ‘ಸರ್ಕಾರಿ ಲೈಸೆನ್ಸ್ ಹೊಂದಿದವರು’ ಎಂದು ದಪ್ಪ ಅಕ್ಷರ. ಲೈಸೆನ್ಸ್ ಕಳಿಸಿ ಅಂದರೆ ಒಬ್ಬರು ಪಾಲಿಕೆಯ ಟ್ರೇಡ್ ಲೈಸೆನ್ಸ್ ಕಳಿಸುತ್ತಾರೆ. ಇನ್ನೊಬ್ಬರು ಜಿಎಸ್‌ಟಿ ನೋಂದಣಿ. ಮತ್ತೊಬ್ಬರದ್ದು ಯಾವುದೋ ತರಬೇತಿಯ ಸರ್ಟಿಫಿಕೇಟ್, ಚಿನ್ನದ ಬಣ್ಣದ ಅಂಚು ಬೇರೆ. ‘ಓಕೆ, ಲೈಸೆನ್ಸ್ ಉಂಟು’ ಎಂದು ಅಸೋಸಿಯೇಶನ್‌ನವರು ಒಪ್ಪಿಗೆ ಕೊಡುತ್ತಾರೆ. ನೋಡಿ ನೋಡಿ ಸಾಕಾಗಿದೆ. ಈ ಕಾಗದಗಳಲ್ಲಿ ಒಂದರಲ್ಲೂ ನಿಮ್ಮ ಅಡುಗೆಮನೆಗೆ ವಿಷ ಹೊಡೆಯುವ ಕೆಲಸದ ಮಾತೇ ಇಲ್ಲ.

ನಿಜವಾದದ್ದು 1968ರ ಕೀಟನಾಶಕ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಸಿಗುವ ಪರವಾನಗಿ. ಕೊಡುವುದು ಪಾಲಿಕೆಯಲ್ಲ, ಕಾಯ್ದೆಯಡಿ ರಾಜ್ಯ ಸರ್ಕಾರ ನೇಮಿಸಿದ ಲೈಸೆನ್ಸಿಂಗ್ ಆಫೀಸರ್. ವಿಷಯ ಕೃಷಿ ಇಲಾಖೆಯದ್ದು. ಸಿಟಿಯಲ್ಲಿ ಜಿರಳೆ ಹೊಡೆಯುವವನಿಗೂ ಕೃಷಿಗೂ ಏನು ಸಂಬಂಧ ಅಂತ ಕೇಳಬೇಡಿ. ಕಾಯ್ದೆ ನೋಡುವುದು ವಿಷವನ್ನು, ಜಾಗವನ್ನಲ್ಲ. ಆ ಕಾಯ್ದೆಯಲ್ಲಿ ‘ಕೀಟನಾಶಕ’ ಅಂದರೆ ಕೀಟದ ಮದ್ದು ಮಾತ್ರವೂ ಅಲ್ಲ. ಕಳೆಯ ಮದ್ದು, ಶಿಲೀಂಧ್ರದ ಮದ್ದು ಎಲ್ಲ ಅದರೊಳಗೇ ಬರುತ್ತವೆ.

ಯಾವ ಕೆಲಸಕ್ಕೆ ಈ ಲೈಸೆನ್ಸ್ ಬೇಕು ಅನ್ನುವುದನ್ನು ಅದೇ ಕಾಯ್ದೆಯಡಿಯ 1971ರ ನಿಯಮಗಳು ಬಿಡಿಸಿ ಹೇಳುತ್ತವೆ. ಮನೆ, ಸಾರ್ವಜನಿಕ ಅಥವಾ ಖಾಸಗಿ ಕಟ್ಟಡ, ಜಮೀನು, ಎಲ್ಲಿಯೇ ಆಗಲಿ ವ್ಯಾಪಾರಕ್ಕಾಗಿ ಕೀಟನಾಶಕ ಹಾಕುವುದು, ಹೊಗೆ ಕೊಡುವುದು, ಆಕಾಶದಿಂದ ಸಿಂಪಡಿಸುವುದು ಎಲ್ಲವೂ ‘ವಾಣಿಜ್ಯ ಕೀಟ ನಿಯಂತ್ರಣ’. ಸ್ವಂತ ಬಳಕೆ ಇದರಿಂದ ಹೊರಗೆ. ಆ ಕೆಲಸ ಮಾಡುವವನು ಪೆಸ್ಟ್ ಕಂಟ್ರೋಲ್ ಆಪರೇಟರ್, ಚಿಕ್ಕದಾಗಿ ಪಿಸಿಒ. ನಲವತ್ತು ದಾಟಿದವರಿಗೆ ಪಿಸಿಒ ಅಂದರೆ ಹಳದಿ ಬೋರ್ಡಿನ ಟೆಲಿಫೋನ್ ಬೂತ್ ನೆನಪಾಗುತ್ತದೆ, ಇರಲಿ. ಇಲ್ಲಿ ಗಮನಿಸಬೇಕಾದ್ದು ಇನ್ನೊಂದು. ನಿಯಮದ ಪ್ರಕಾರ ಆಪರೇಟರ್ ಅಂದರೆ ಪಂಪ್ ಹಿಡಿದ ಹುಡುಗ ಮಾತ್ರ ಅಲ್ಲ. ಅವನು ಯಾರ ಕೈಕೆಳಗೆ ಕೆಲಸ ಮಾಡುತ್ತಾನೋ ಆ ಸಂಸ್ಥೆಯೂ ಆಪರೇಟರೇ. ‘ಹುಡುಗ ಜಾಸ್ತಿ ಹಾಕಿದ್ದಾನೆ ಸಾರ್, ನಾವೇನು ಮಾಡುವುದು’ ಅನ್ನುವ ಮಾತಿಗೆ ಇಲ್ಲಿ ಜಾಗ ಇಲ್ಲ.

‘ಪರವಾನಗಿ’ ಫಾರಸಿಯಿಂದ ಬಂದದ್ದು. ಪರ್ವಾನಾ ಅಂದರೆ ಲಿಖಿತ ಆಜ್ಞೆ, ಅಪ್ಪಣೆ ಚೀಟಿ. ತಮಾಷೆ ಏನೆಂದರೆ, ದೀಪಕ್ಕೆ ಮುತ್ತುವ ಪತಂಗಕ್ಕೂ ಫಾರಸಿ, ಉರ್ದುಗಳಲ್ಲಿ ಪರ್ವಾನಾ ಎಂದೇ ಹೆಸರು. ಕೀಟ ಕೊಲ್ಲುವ ಚೀಟಿಗೆ ಕೀಟದ್ದೇ ಹೆಸರು! ಆದರೆ ಪರ್ವಾನಾದಲ್ಲಿ ಇಂಥವರು, ಇಂಥ ಕೆಲಸ ಅಂತ ಬರೆದಿರುತ್ತಿತ್ತು. ನಮ್ಮ ‘ಲೈಸೆನ್ಸ್’ ಮಾತ್ರ ಸೀಲು ಬಿದ್ದ ಯಾವ ಕಾಗದಕ್ಕೂ ಹೊಂದುವ ಪದವಾಗಿಬಿಟ್ಟಿದೆ.

ಜಿಎಸ್‌ಟಿ ಕಾಗದ ತೋರಿಸಿದವನನ್ನು ಸುಲಭವಾಗಿ ವಾಪಸ್ ಕಳಿಸಬಹುದು. ತಲೆ ಕೆಡಿಸುವುದು ಮಾರಾಟದ ಲೈಸೆನ್ಸ್. ಅದೂ ಅದೇ ಕಾಯ್ದೆ, ಅದೇ 13ನೇ ಸೆಕ್ಷನ್, ಕಾಗದದ ಮೇಲೆ ‘ಕೀಟನಾಶಕ’ ಎಂಬ ಅದೇ ಪದ. ಆದರೆ ಅದು ಅಂಗಡಿಯಲ್ಲಿ ಇಟ್ಟು ಮಾರಲು, ದಾಸ್ತಾನು ಮಾಡಲು ಕೊಟ್ಟದ್ದು. ಬಂಟ್ವಾಳದ ಗೊಬ್ಬರದಂಗಡಿಯವರು ಡಬ್ಬ ಮಾರಬಹುದು. ಡಬ್ಬ ತೆಗೆದುಕೊಂಡು ನಿಮ್ಮ ಮನೆಗೆ ಬಂದು ದುಡ್ಡಿಗೆ ಹೊಡೆಯಲು ಅದು ಸಾಲದು. ಮೆಡಿಕಲ್ ಶಾಪಿನವರು ಆಪರೇಶನ್ ಮಾಡಲು ಬಂದರೆ ಒಪ್ಪುತ್ತೀರಾ? ಹಾಗೇ ಇದು. ಕಾಗದ ಕೈಗೆ ಬಂದರೆ ‘ಮಾರಾಟ, ದಾಸ್ತಾನು’ ಅಂತ ಇದೆಯೋ, ‘ಕೀಟ ನಿಯಂತ್ರಣ ಕಾರ್ಯ’ ಅಂತ ಇದೆಯೋ ನೋಡಿ. ಮತ್ತೆ ವಿಳಾಸ, ತಾರೀಕು.

ಇನ್ನು ‘ಅಪ್ಲಿಕೇಟರ್ ಲೈಸೆನ್ಸ್’. ಈ ಪದ ಬಿತ್ತಿದವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಅಡಿಕೆ ಬೆಳೆಗಾರರ ಗುಂಪುಗಳಲ್ಲಿ ಈಗೀಗ ಒಂದು ಫಾರ್ವರ್ಡ್ ಓಡಾಡುತ್ತಿದೆ: ಮದ್ದು ಬಿಡುವ ಪ್ರತಿಯೊಬ್ಬನೂ ಪರೀಕ್ಷೆ ಬರೆದು ಅಪ್ಲಿಕೇಟರ್ ಲೈಸೆನ್ಸ್ ಮಾಡಿಸಬೇಕು, ಐದು ವರ್ಷಕ್ಕೊಮ್ಮೆ ಕ್ರೆಡಿಟ್ ಅಂಕ ತೋರಿಸಿ ರಿನ್ಯೂ ಮಾಡಬೇಕು ಅಂತ. ಓದಿ ಗಾಬರಿಯಾದವರು ಉಂಟು. ಇದು ಅಮೆರಿಕದ ಪದ್ಧತಿ. ಅಲ್ಲಿ ಕೆಲವು ವಿಷಗಳು ನಿರ್ಬಂಧಿತ ಪಟ್ಟಿಯಲ್ಲಿವೆ. ಅವನ್ನು ಸರ್ಟಿಫೈಡ್ ಅಪ್ಲಿಕೇಟರ್ ತಾನೇ ಬಳಸಬೇಕು, ಇಲ್ಲವೇ ಅವನ ನಿಗಾದಲ್ಲಿ ಬೇರೆಯವರು ಬಳಸಬೇಕು. ಅಪ್ಲಿಕೇಟರ್‌ಗಳಲ್ಲೂ ಎರಡು ಬಗೆ, ತನ್ನ ಬೆಳೆಗೆ ಬಳಸುವ ರೈತ ‘ಪ್ರೈವೇಟ್’, ಬೇರೆಯವರಿಗೆ ಮಾಡಿಕೊಡುವವನು ‘ಕಮರ್ಷಿಯಲ್’. ವಯಸ್ಸು 18 ಆಗಿರಬೇಕು. ಸರ್ಟಿಫಿಕೇಟ್ ಕೊಡುವುದು ಆಯಾ ರಾಜ್ಯ. ಅದು ಐದು ವರ್ಷಕ್ಕಿಂತ ಹೆಚ್ಚು ನಡೆಯುವುದಿಲ್ಲ, ಆಮೇಲೆ ಮತ್ತೆ ಪರೀಕ್ಷೆ ಅಥವಾ ಮುಂದುವರಿದ ತರಬೇತಿಯ ಲೆಕ್ಕ. ಒಳ್ಳೆಯ ಪದ್ಧತಿಯೇ. ಆದರೆ ನಮ್ಮದಲ್ಲ. ಅಲ್ಲಿ ತನ್ನ ಹೊಲದಲ್ಲಿ ನಿರ್ಬಂಧಿತ ವಿಷ ಬಳಸುವ ರೈತನಿಗೂ ಸರ್ಟಿಫಿಕೇಟ್ ಬೇಕು. ಇಲ್ಲಿ ಕಾಯ್ದೆಯ 38ನೇ ಸೆಕ್ಷನ್ ಸ್ವಂತ ಮನೆಬಳಕೆ, ಕೈತೋಟ ಮತ್ತು ತಾನು ಸಾಗುವಳಿ ಮಾಡುವ ಭೂಮಿಯನ್ನು ಪೂರ್ತಿ ಹೊರಗಿಟ್ಟಿದೆ. ಗೂಗಲ್ ಮಾಡಿ ಮೊದಲು ಸಿಕ್ಕಿದ್ದನ್ನು ಅನುವಾದಿಸಿ ಹಂಚುವವರು ಅದು ಯಾವ ದೇಶದ್ದು ಅಂತ ಒಮ್ಮೆ ನೋಡಬಾರದೇ?

ಹಾಗಾಗಿ ಕೊಳೆರೋಗ ಬರುವ ಮೊದಲು ನಿಮ್ಮ ತೋಟಕ್ಕೆ ನೀವೇ ಬೋರ್ಡೊ ಬಿಟ್ಟರೆ, ಅಂದರೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಕಲಸಿ ಗೊನೆಗೆ ಹೊಡೆದರೆ, ಯಾರ ಅಪ್ಪಣೆಯೂ ಬೇಡ. ದೋಟಿ ಹಿಡಿಯಲು ಕೆಲಸದವರನ್ನು ಕರೆದರೂ ತೋಟ ನಿಮ್ಮದೇ, ಮದ್ದು ನಿಮ್ಮದೇ. ಆದರೆ ತಂಡ ಕಟ್ಟಿಕೊಂಡು, ಊರೂರ ತೋಟಗಳಿಗೆ ಗುತ್ತಿಗೆ ಹಿಡಿದು, ತಮ್ಮದೇ ಮದ್ದು ತಂದು ಸಿಂಪಡಿಸುವವರ ಕಥೆ ಬೇರೆ. ನಿಯಮದ ‘ವಾಣಿಜ್ಯ ಕೀಟ ನಿಯಂತ್ರಣ’ ವ್ಯಾಖ್ಯಾನದಲ್ಲಿ ‘ಜಮೀನು’ ಎಂಬ ಪದ ಸುಮ್ನೆ ಕೂತಿಲ್ಲ. ನಡೆಯುವುದು ಹೇಗೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು.

ಡ್ರೋನ್ ಬಂದ ಮೇಲೆ ಗೊಂದಲ ದುಪ್ಪಟ್ಟಾಗಿದೆ. ‘ನಮ್ಮ ಪೈಲಟ್‌ಗೆ ಡಿಜಿಸಿಎ ಲೈಸೆನ್ಸ್ ಉಂಟು’ ಅನ್ನುತ್ತಾರೆ. ಡಿಜಿಸಿಎ ಅಂದರೆ ವಿಮಾನ ಹಾರಾಟ ನಿಯಂತ್ರಿಸುವ ಕೇಂದ್ರದ ಸಂಸ್ಥೆ. 2021ರ ಡ್ರೋನ್ ನಿಯಮಗಳಲ್ಲಿ ಅದಕ್ಕೆ ಲೈಸೆನ್ಸ್ ಎಂದೇ ಹೆಸರಿತ್ತು, ನಿಜ. 2022ರ ಫೆಬ್ರವರಿಯಲ್ಲಿ ತಿದ್ದಿ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಮಾಡಿದರು. ಅದು ಹಾರಿಸಲು ಬರುತ್ತದೆ ಅನ್ನುವುದಕ್ಕೆ ಸಾಕ್ಷಿ. ಟ್ಯಾಂಕಿನೊಳಗೆ ಏನಿದೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆಕಾಶದಿಂದ ಸಿಂಪಡಿಸುವುದರ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಪಾಠ ಬೇಡ. ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಸುರಿದು ಹೋದ ಎಂಡೋಸಲ್ಫಾನ್‌ನ ಫಲವನ್ನು ಅಲ್ಲಿನ ಮನೆಗಳು ಈಗಲೂ ಉಣ್ಣುತ್ತಿವೆ. ಸುಪ್ರೀಂ ಕೋರ್ಟ್ ಆ ವಿಷಕ್ಕೆ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ.

ಪಿಸಿಒ ಲೈಸೆನ್ಸ್ ಪಡೆಯುವ ದಾರಿ ಅಂಥ ಕಗ್ಗಂಟೇನಲ್ಲ. ಕೃಷಿ ಪದವಿ, ಅಥವಾ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವಿ. ಅದರ ಮೇಲೆ ಕನಿಷ್ಠ 15 ದಿನಗಳ ತರಬೇತಿ. ನಿಯಮ ಹೆಸರಿಸಿದ ಸಂಸ್ಥೆಗಳಲ್ಲಿ ನಮಗೆ ಹತ್ತಿರದ್ದು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ. ಹೈದರಾಬಾದಿನ ಸಸ್ಯ ಸಂರಕ್ಷಣಾ ಸಂಸ್ಥೆಯೂ ಇದೆ, ಈಗ ಅದರ ಹೆಸರು ಎನ್‌ಐಪಿಎಚ್‌ಎಂ. ಚಿನ್ನದ ಅಂಚಿನ ಆ ಸರ್ಟಿಫಿಕೇಟ್ ಇಂಥ ಕಡೆಯದ್ದೇ ಆಗಿದ್ದರೂ ಅರ್ಜಿಗೆ ಲಗತ್ತಿಸುವ ಕಾಗದ ಅಷ್ಟೇ. ಅರ್ಜಿ ಹಾಕಿ ಸಿಗುವುದು ಲೈಸೆನ್ಸ್.

ಪಣಂಬೂರಿನವರಿಗೆ ಇನ್ನೊಂದು ಮೆಟ್ಟಿಲು ಉಂಟು. ಬಂದರಿನಿಂದ ಹೋಗುವ ಸರಕಿಗೆ, ಅದರ ಮರದ ಪೆಟ್ಟಿಗೆಗಳಿಗೆ ಹೊಗೆ ಕೊಡುವ ಮೀಥೈಲ್ ಬ್ರೋಮೈಡ್, ಗೋದಾಮಿನ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ, ಇವಕ್ಕೆ ಬರೀ ಲೈಸೆನ್ಸ್ ಸಾಲದು. ಪರಿಣತಿಗೆ ಕೇಂದ್ರದ ಸಸ್ಯ ಸಂರಕ್ಷಣಾ ಸಲಹೆಗಾರರ ಒಪ್ಪಿಗೆಯೂ ಬೇಕು. ಮಾತ್ರೆಯ ತೂಕ ಮೂರು ಗ್ರಾಂ. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ನಮ್ಮ ಕರಾವಳಿಯಲ್ಲಿ ತೇವಕ್ಕೆ ಬರ ಉಂಟಾ? ಮನೆಯ ಅಕ್ಕಿ ಡ್ರಮ್ಮಿಗೆ ‘ಒಂದೇ ಒಂದು ಹಾಕಿ’ ಅನ್ನುವವರನ್ನು ಗೇಟಿನಿಂದಲೇ ಕಳಿಸಿ.

ರಿನ್ಯೂವಲ್ ಎಂಬ ಪದವನ್ನೂ ಹೀಗೇ ಸವೆಸಿದ್ದಾರೆ. ಪಾಲಿಕೆಗೆ ವರ್ಷದ ಶುಲ್ಕ ಕಟ್ಟಿದ ರಸೀದಿ ತೋರಿಸಿ ‘ಲೈಸೆನ್ಸ್ ರಿನ್ಯೂ ಆಗಿದೆ’ ಅನ್ನುತ್ತಾರೆ. ಆಗಿರುವುದು ಟ್ರೇಡ್ ಲೈಸೆನ್ಸ್. ಕೀಟನಾಶಕದ್ದಕ್ಕೆ ಬೇರೆ ಅರ್ಜಿ, ಬೇರೆ ಕಚೇರಿ, ಅದರ ಮೇಲೇ ಬರೆದ ಬೇರೆ ತಾರೀಕು. ಇನ್ನೂ ಒಂದು ಸಂಗತಿಯನ್ನು ಯಾರೂ ಕೇಳುವುದಿಲ್ಲ. ಯಾವ ಪದವೀಧರನ ಓದು ತೋರಿಸಿ ಲೈಸೆನ್ಸ್ ತಂದರೋ ಅವನು ಕೆಲಸ ಬಿಟ್ಟು ದುಬೈಗೆ ಹೋಗಿ ಎಷ್ಟು ಕಾಲವಾಯಿತು? ಗೋಡೆಯ ಮೇಲಿನ ಫ್ರೇಮ್ ಹಾಗೇ ಇರುತ್ತದೆ. ನಿಯಮ 37ನ್ನೂ ಯಾರೂ ಕೇಳುವುದಿಲ್ಲ. ಸಿಂಪಡಿಸುವ ಕೆಲಸಗಾರರಿಗೆ ಕೆಲಸಕ್ಕೆ ಸೇರುವ ಮೊದಲು ವೈದ್ಯಕೀಯ ತಪಾಸಣೆ, ಪೆಸ್ಟ್ ಕಂಟ್ರೋಲ್‌ನವರಿಗೆ ಆಮೇಲೆ ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ಆರ್ಗನೋಫಾಸ್ಫರಸ್ ಅಥವಾ ಕಾರ್ಬಮೇಟ್ ಜಾತಿಯ ವಿಷ ಮುಟ್ಟುವವರಿಗೆ ತಿಂಗಳು ತಿಂಗಳು ರಕ್ತದ ಕೋಲಿನೆಸ್ಟರೇಸ್, ಅಂದರೆ ಈ ವಿಷಗಳು ಕುಗ್ಗಿಸುವ ಕಿಣ್ವದ ಮಟ್ಟ, ನೋಡಬೇಕು. ಒರಲೆಗೆ ಡ್ರಿಲ್ ಮಾಡಿ ತುಂಬುವ ಕ್ಲೋರ್‌ಪೈರಿಫಾಸ್ ಆ ಜಾತಿಯದ್ದೇ. ಬರಿಗೈಯಲ್ಲಿ ಅದನ್ನು ಬಕೆಟ್ಟಿನಲ್ಲಿ ಕಲಸುವ ಹುಡುಗನ ರಕ್ತ ಯಾರು ನೋಡಿದ್ದಾರೆ?

ಪಿಸಿಒ ಎಂಬ ಪದ ತೋಟದವರ ಬಾಯಿಗೆ ಬಂದದ್ದು ಗ್ಲೈಫೋಸೇಟ್‌ನಿಂದ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಈ ಕಳೆನಾಶಕವನ್ನು ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳಲ್ಲದೆ ಬೇರೆ ಯಾರೂ ಬಳಸಬಾರದು ಎಂದು ಆದೇಶ ಹೊರಡಿಸಿತು. ಅದರ ವಿರುದ್ಧ ಉದ್ಯಮದವರು ದೆಹಲಿ ಹೈಕೋರ್ಟಿಗೆ ಹೋದರು. ‘ಹಾಗಾದರೆ ನಾವೆಲ್ಲ ಪಿಸಿಒ ಆಗಬೇಕಾ’ ಎಂದು ಅಡಿಕೆಯವರು, ರಬ್ಬರ್‌ನವರು ಕೇಳತೊಡಗಿದ್ದು ಆಗಲೇ. ಆದರೆ ಈ ಮದ್ದಿಗೆ ನೋಂದಣಿಯಲ್ಲಿ ಒಪ್ಪಿಗೆ ಇದ್ದದ್ದೇ ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. ಅಡಿಕೆ ಬುಡದ ಹೆಸರು ಅದರಲ್ಲಿ ಇರಲೇ ಇಲ್ಲ.