ಉಸಿರಾಡಲು ಅವಸರ ಮಾಡುವುದು ಆಕ್ಸಿಜನ್ ಅಲ್ಲ

ಒಂದು ಸಲ ಉಸಿರು ಬಿಗಿಹಿಡಿದು ನೋಡಿ. ಮೊದಲು ಏನೂ ಅನ್ನಿಸುವುದಿಲ್ಲ. ಅರ್ಧ ನಿಮಿಷ ದಾಟಿದ ಮೇಲೆ ಎದೆಯೊಳಗೆ ಚಡಪಡಿಕೆ ಶುರುವಾಗುತ್ತದೆ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಾದ ವಪೆ ತಾನಾಗಿಯೇ ಜಗ್ಗತೊಡಗುತ್ತದೆ, ಕೊನೆಗೆ ಬಾಯಿ ಬಿಟ್ಟು ಗಾಳಿ ಎಳೆದುಕೊಂಡುಬಿಡುತ್ತೀರಿ. ಯಾಕೆ ಹೀಗಾಯಿತು ಅಂತ ಯಾರನ್ನೇ ಕೇಳಿ, "ಆಕ್ಸಿಜನ್ ಖಾಲಿಯಾಯ್ತು, ಅದಕ್ಕೆ" ಅನ್ನುತ್ತಾರೆ. ತಪ್ಪು. ಆ ಹೊತ್ತಿಗೆ ನಿಮ್ಮ ರಕ್ತದಲ್ಲಿ ಆಕ್ಸಿಜನ್ ಇನ್ನೂ ಬೇಕಾದಷ್ಟಿರುತ್ತದೆ. ಕೊರೊನಾ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಯಾವುದೋ ಡ್ರಾಯರಿನಲ್ಲಿ ಬಿದ್ದಿರುತ್ತದಲ್ಲ, ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ಇದೇ ಆಟ ಆಡಿದರೆ, ಆರೋಗ್ಯವಾಗಿರುವವರಲ್ಲಿ ಅಂಕಿ ಅಷ್ಟಾಗಿ ಅಲ್ಲಾಡುವುದೇ ಇಲ್ಲ.

ಚಡಪಡಿಕೆ ಹುಟ್ಟಿಸಿದ್ದು ಕಾರ್ಬನ್ ಡೈಆಕ್ಸೈಡ್. ಶಾಲೆಯಲ್ಲಿ ಮೂಗಿನಿಂದ ಹೊರಗೆ ಹೋಗುವ ಬಾಣದ ಪಕ್ಕ ಬರೆಸಿ, "ಕೆಟ್ಟ ಗಾಳಿ" ಅಂತ ಹೇಳಿ, ಅಲ್ಲಿಗೇ ಕೈತೊಳೆದುಕೊಂಡರಲ್ಲ, ಅದೇ. ಒಳ್ಳೆ ಗಾಳಿ ಒಳಗೆ, ಕೆಟ್ಟ ಗಾಳಿ ಹೊರಗೆ ಅನ್ನುವ ಈ ಪಾಠ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಉಸಿರಾಟದ ಬಗ್ಗೆ ನಾವು ನಂಬಿರುವ ಅರ್ಧಕ್ಕರ್ಧ ತಪ್ಪುಗಳು ಅಲ್ಲಿಂದಲೇ ಹುಟ್ಟಿವೆ ಅಂತ ನನ್ನ ಗುಮಾನಿ.

ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಸ್ನಾಯು ಇಲ್ಲ. ವಪೆ ಕೆಳಗಿಳಿಯುತ್ತದೆ, ಪಕ್ಕೆಲುಬು ಮೇಲೇಳುತ್ತದೆ, ಎದೆಗೂಡು ಅಗಲವಾಗುತ್ತದೆ, ಗಾಳಿ ಒಳನುಗ್ಗುತ್ತದೆ. ಸುಮ್ನೆ ಕೂತಿದ್ದಾಗ ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್. ಇದೆಲ್ಲ ಗೊತ್ತಿರುವುದೇ. ಎಷ್ಟು ಬೇಗ, ಎಷ್ಟು ಆಳವಾಗಿ ಉಸಿರಾಡಬೇಕು ಅನ್ನುವ ಅಪ್ಪಣೆ ಬರುವುದು ಮಾತ್ರ ಮೆದುಳಿನ ಬುಡದಿಂದ. ಆ ಅಪ್ಪಣೆ ಕೊಡಲು ಮೆದುಳು ಏನನ್ನು ನೋಡುತ್ತದೆ ಅನ್ನುವುದರಲ್ಲಿ ಸ್ವಾರಸ್ಯ ಇದೆ.

ರಕ್ತಕ್ಕೂ ಮೆದುಳಿಗೂ ನಡುವೆ ಒಂದು ಬಿಗಿಯಾದ ಗೋಡೆ ಇದೆ. ಎಷ್ಟೋ ವಸ್ತುಗಳನ್ನು ಅದು ಒಳಗೆ ಬಿಡುವುದಿಲ್ಲ. ಕಾರ್ಬನ್ ಡೈಆಕ್ಸೈಡಿಗೆ ಮಾತ್ರ ತಡೆಯೇ ಇಲ್ಲ, ಸಲೀಸಾಗಿ ನುಸುಳುತ್ತದೆ. ಒಳಗಿನ ದ್ರವದಲ್ಲಿ ನೀರಿನ ಜೊತೆ ಸೇರಿ ಆಮ್ಲವಾಗುತ್ತದೆ. ಒಂಚೂರು ಹುಳಿ ಏರಿದರೂ ಅಲ್ಲಿನ ಕೆಲವು ನರಕೋಶಗಳಿಗೆ ಗೊತ್ತಾಗುತ್ತದೆ, ತಕ್ಷಣ ವಪೆಗೆ "ಜೋರಾಗಿ ಎಳಿ" ಅಂತ ಸುದ್ದಿ ಹೋಗುತ್ತದೆ. ಅಂದರೆ ಮೆದುಳು ಲೆಕ್ಕ ಇಡುವುದು ಒಳಗೆ ಬಂದದ್ದನ್ನಲ್ಲ, ಉಳಿದ ಕಸವನ್ನು. ಮದುವೆಮನೆಯಲ್ಲಿ ಎಷ್ಟು ಜನ ಉಂಡರು ಅಂತ ತಿಳಿಯಲು ಅಡುಗೆ ಕಂಟ್ರಾಕ್ಟರು ಅನ್ನದ ಕೊಪ್ಪರಿಗೆಯಲ್ಲಿ ಇಣುಕುವುದಿಲ್ಲ, ಉಂಡ ಎಲೆ ಎಣಿಸುತ್ತಾರೆ. ಇಲ್ಲೂ ಅದೇ ಲೆಕ್ಕ. ದೇಹ ಆಕ್ಸಿಜನ್ ಬಳಸಿದಷ್ಟೂ ಹೆಚ್ಚುಕಮ್ಮಿ ಅದೇ ಅಳತೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ, ಹಾಗಾಗಿ ಎಲೆ ಎಣಿಸಿದರೆ ಸಾಕು. ಮಾಮೂಲಿ ದಿನಗಳಲ್ಲಿ ಲೆಕ್ಕ ತಪ್ಪುವುದೇ ಇಲ್ಲ.

ಇದನ್ನು ಕಂಡುಹಿಡಿದ ಕಥೆ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. 19ನೇ ಶತಮಾನದ ಕೊನೆಯಲ್ಲಿ, ನಾವು ಬಿಡುವ ಉಸಿರಿನಲ್ಲಿ ಯಾವುದೋ ನಿಗೂಢ ವಿಷ ಇದೆ, ತುಂಬಿದ ಕೋಣೆಯಲ್ಲಿ ಉಸಿರು ಕಟ್ಟುವುದು ಅದರಿಂದಲೇ ಅಂತ ಫ್ರಾನ್ಸಿನ ದೊಡ್ಡ ವಿಜ್ಞಾನಿಗಳೇ ಹೇಳುತ್ತಿದ್ದರು. ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್ ಇದನ್ನು ನಂಬಲಿಲ್ಲ. ಗಾಳಿಯಾಡದ ಪೆಟ್ಟಿಗೆಯೊಳಗೆ ತಾನೇ ಹೋಗಿ ಕೂತ. ಒಳಗಿನ ಗಾಳಿ ಕೆಡುತ್ತಾ ಹೋದಂತೆ ಏದುಸಿರು ಬಂತು. ಹುಟ್ಟಿದ ಕಾರ್ಬನ್ ಡೈಆಕ್ಸೈಡನ್ನು ರಾಸಾಯನಿಕದಿಂದ ಹೀರಿಸಿ ತೆಗೆದರೆ, ಆಕ್ಸಿಜನ್ ಇಳಿಯುತ್ತಿದ್ದರೂ ಏದುಸಿರು ಹಾಗೆ ಬರಲಿಲ್ಲ. ನಿಗೂಢ ವಿಷ ಅಲ್ಲಿಗೆ ಮುಗಿಯಿತು.

ಆಮೇಲೆ 1905ರಲ್ಲಿ ಹಾಲ್ಡೇನ್ ಮತ್ತು ಅವರ ಜೊತೆಗಾರ ಜೆ.ಜಿ. ಪ್ರೀಸ್ಟ್ಲಿ ಸೇರಿ ಇನ್ನೂ ಚಂದದ ಕೆಲಸ ಮಾಡಿದರು. ಉದ್ದನೆಯ ಕೊಳವೆಗೆ ಜೋರಾಗಿ ಉಸಿರು ಬಿಟ್ಟು, ಅದರ ಕಟ್ಟಕಡೆಯ ಭಾಗವನ್ನು, ಅಂದರೆ ಶ್ವಾಸಕೋಶದ ಆಳದ ಗಾಳಿಚೀಲಗಳಿಂದ ಬಂದದ್ದನ್ನು ಮಾತ್ರ ಹಿಡಿದು ಅಳೆದರು. ಬೆನ್ ನೆವಿಸ್ ಬೆಟ್ಟದ ತುದಿಯಲ್ಲೂ ಅಳೆದರು, ಕಾರ್ನ್‌ವಾಲಿನ ಆಳವಾದ ಡಾಲ್ಕೋತ್ ಗಣಿಯ ತಳದಲ್ಲೂ ಅಳೆದರು. ಬೆಟ್ಟದ ಮೇಲೆ ಆಕ್ಸಿಜನ್ ಒತ್ತಡ ಕಡಿಮೆ, ಗಣಿಯಲ್ಲಿ ಜಾಸ್ತಿ. ಕಾರ್ಬನ್ ಡೈಆಕ್ಸೈಡಿನ ಒತ್ತಡ ಮಾತ್ರ ಎರಡೂ ಕಡೆ ಬಹುತೇಕ ಒಂದೇ. ದೇಹ ಹಟ ಹಿಡಿದು ಕಾಯುತ್ತಿದ್ದದ್ದು ಅದನ್ನೇ! ಗಾಳಿಚೀಲದಲ್ಲಿ ಅದು ವಾತಾವರಣದ ಒತ್ತಡದ ಬರೀ 0.2 ಶೇಕಡಾದಷ್ಟು ಏರಿದರೂ ಗಾಳಿಚೀಲಗಳಿಗೆ ಹೋಗುವ ಗಾಳಿ ಎರಡು ಪಟ್ಟಾಗುತ್ತದೆ ಅಂತ ಅವರ ಲೆಕ್ಕ ತೋರಿಸಿತು. ಆಕ್ಸಿಜನ್ ವಿಷಯದಲ್ಲಿ ಇಷ್ಟು ಸೂಕ್ಷ್ಮತೆ ನಮಗಿಲ್ಲ, ಹತ್ತಿರಕ್ಕೂ ಇಲ್ಲ.

ಈಗ "ಆಳವಾಗಿ ಉಸಿರಾಡಿ, ಆಕ್ಸಿಜನ್ ತುಂಬಿಕೊಳ್ಳಿ" ಅನ್ನುವ ಉಪದೇಶಕ್ಕೆ ಬರೋಣ. ಬೆಳಗ್ಗೆ ಟಿವಿ ಹಾಕಿದರೆ ಯಾರಾದರೊಬ್ಬರು ಹೇಳುತ್ತಲೇ ಇರುತ್ತಾರೆ. ಆರೋಗ್ಯವಂತರ ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ ಸುಮ್ನೆ ಕೂತಿದ್ದಾಗಲೇ 96ರಿಂದ 99 ಶೇಕಡಾ ತುಂಬಿರುತ್ತದೆ. ಇನ್ನೆಲ್ಲಿ ತುಂಬುತ್ತೀರಿ? ಜೋರಾಗಿ ಉಸಿರಾಡಿದರೆ ಒಳಗೆ ಬರುವ ಆಕ್ಸಿಜನ್ ಹೆಚ್ಚುವುದಕ್ಕಿಂತ ಹೊರಗೆ ಹೋಗುವ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗುತ್ತದೆ. ಅದು ಇಳಿದರೆ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಮೆದುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಅದೇ ತಲೆ ಹಗುರಾದ ಹಾಗೆ, ತೇಲಿದ ಹಾಗೆ ಅನ್ನಿಸುವುದು. ಸಾಲದ್ದಕ್ಕೆ, ಹಿಮೋಗ್ಲೋಬಿನ್ ತಾನು ಹೊತ್ತ ಆಕ್ಸಿಜನ್ನನ್ನು ಇಳಿಸಿಕೊಡಲು ಕಾರ್ಬನ್ ಡೈಆಕ್ಸೈಡ್ ಇರಬೇಕು. ಅದು ಕಡಿಮೆಯಾದರೆ ಹಿಡಿತ ಬಿಗಿಯಾಗುತ್ತದೆ. ಇದನ್ನು 1904ರಲ್ಲಿ ತೋರಿಸಿದವರಲ್ಲಿ ಕ್ರಿಶ್ಚಿಯನ್ ಬೋರ್ ಮುಖ್ಯ. ಪರಮಾಣುವಿನ ನೀಲ್ಸ್ ಬೋರ್ ಇದ್ದಾರಲ್ಲ, ಅವರ ಅಪ್ಪ. ಆಕ್ಸಿಜನ್ ತುಂಬಿಕೊಳ್ಳಲು ಹೊರಟವರು ಮೆದುಳಿಗೆ ಸಿಗುವ ಆಕ್ಸಿಜನ್ನನ್ನೇ ಕಡಿಮೆ ಮಾಡಿಕೊಂಡಿರುತ್ತಾರೆ!

ಪ್ರಾಣಾಯಾಮ ಸುಳ್ಳು ಅಂತ ನಾನು ಹೇಳುತ್ತಿಲ್ಲ, ಕಲ್ಲು ಹೊಡೆಯಬೇಡಿ. ನಿಧಾನವಾಗಿ ಉಸಿರಾಡಿದರೆ ಹೃದಯದ ಬಡಿತ, ಮನಸ್ಸು ಎರಡೂ ತಣ್ಣಗಾಗುತ್ತವೆ. ಅದು ಆಕ್ಸಿಜನ್ ತುಂಬಿದ್ದರಿಂದ ಅಲ್ಲ ಅಂತಷ್ಟೇ ನನ್ನ ತಕರಾರು. ಜೋರುಜೋರಾಗಿ ಉಸಿರೆಳೆದು ಬಿಡುವ ಭಸ್ತ್ರಿಕಾ ಮಾಡಿದ ಮೇಲೆ ಉಸಿರು ಹಿಡಿದಿಡುವ ಕುಂಭಕದಲ್ಲಿ ಜಾಸ್ತಿ ಹೊತ್ತು ಇರಲು ಆಗುತ್ತದಲ್ಲ, ಅದಕ್ಕೂ ಮುಖ್ಯ ಕಾರಣ ಇದೇ: ಎಲೆಗಳನ್ನು ಮೊದಲೇ ಎತ್ತಿ ಆಚೆ ಹಾಕಿದ್ದೀರಿ, ಎಣಿಸುವವನಿಗೆ ಲೆಕ್ಕ ಸಿಗುತ್ತಿಲ್ಲ. ಭಯದಿಂದ ಒಂದೇ ಸಮನೆ ಏದುಸಿರು ಬಿಡುವವರಲ್ಲಿ ಇದು ಇನ್ನೂ ಮುಂದೆ ಹೋಗುತ್ತದೆ. ರಕ್ತದ ಹುಳಿ ಇಳಿದು, ಬಿಡಿಯಾಗಿರುವ ಕ್ಯಾಲ್ಸಿಯಂ ಕಡಿಮೆಯಾಗಿ, ತುಟಿ ಜೋಮು ಹಿಡಿಯುತ್ತದೆ, ಬೆರಳುಗಳು ಸೊಟ್ಟಗೆ ಸೆಟೆದುಕೊಳ್ಳುತ್ತವೆ. ಪಕ್ಕದಲ್ಲಿದ್ದವರು ಗಾಳಿ ಸೋಕಿದೆ ಅಂತ ಬೇವಿನ ಸೊಪ್ಪು ತರಲು ಓಡುತ್ತಾರೆ. ಬೇಕಾಗಿರುವುದು ಧೈರ್ಯ ಹೇಳಿ ಉಸಿರು ನಿಧಾನ ಮಾಡಿಸುವುದು, ಮೊದಲ ಸಲ ಹೀಗಾಗಿದ್ದರೆ ಡಾಕ್ಟರಿಗೆ ತೋರಿಸುವುದು. ಸಿನಿಮಾದಲ್ಲಿ ತೋರಿಸುವ ಕಾಗದದ ಚೀಲ ಬೇಡ. ಅದು ಭಯವಲ್ಲದೆ ಹೃದಯಾಘಾತವೋ ಆಸ್ತಮಾವೋ ಆಗಿದ್ದರೆ ಚೀಲದಿಂದ ಪ್ರಾಣಕ್ಕೇ ಸಂಚಕಾರ.

ಇದೇ ಲೆಕ್ಕ ನೀರಿನಲ್ಲಿ ಜೀವ ತೆಗೆಯುತ್ತದೆ. ಬಾವಿಯಲ್ಲೋ ಕೆರೆಯಲ್ಲೋ ಯಾರು ಜಾಸ್ತಿ ಹೊತ್ತು ಮುಳುಗಿರುತ್ತಾರೆ ಅಂತ ಹುಡುಗರು ಪಂಥ ಕಟ್ಟುತ್ತಾರೆ. ಧುಮುಕುವ ಮೊದಲು ಹತ್ತಿಪ್ಪತ್ತು ಸಲ ಜೋರಾಗಿ ಉಸಿರು ಎಳೆದು ಬಿಡುತ್ತಾರೆ. ಕಾರ್ಬನ್ ಡೈಆಕ್ಸೈಡ್ ತಳಕ್ಕೆ ಇಳಿದಿರುತ್ತದೆ. ನೀರಿನಡಿ ಆಕ್ಸಿಜನ್ ಕರಗುತ್ತಾ ಹೋಗುತ್ತದೆ, ಆದರೆ "ಮೇಲೆ ಬಾ" ಅನ್ನುವ ಚಡಪಡಿಕೆ ಬರುವುದು ತಡವಾಗುತ್ತದೆ. ಅದು ಬರುವ ಮೊದಲೇ ಎಚ್ಚರ ತಪ್ಪುತ್ತದೆ. ಒದ್ದಾಟವೂ ಇಲ್ಲ, ಕೂಗೂ ಇಲ್ಲ. ಚೆನ್ನಾಗಿ ಈಜು ಬರುವ ಹುಡುಗನೇ ಹೀಗೆ ಹೋದಾಗ ಊರವರು ಬಾವಿಗೆ ಬಲಿ ಬೇಕಿತ್ತು ಅನ್ನುತ್ತಾರೆ.

ಪಾಳುಬಾವಿಗಳ ಕಥೆ ಇನ್ನೂ ಘೋರ. ಒಬ್ಬ ಇಳಿದು ಬೀಳುತ್ತಾನೆ, ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಬೀಳುತ್ತಾನೆ. ದೆವ್ವ ಎಳೆಯಿತು ಅನ್ನುವ ಮಾತು ಇವತ್ತಿಗೂ ಕೇಳುತ್ತದೆ. ಕೊಳೆತ ಎಲೆ, ಕೆಸರು ಆಕ್ಸಿಜನ್ ತಿಂದುಹಾಕಿರುತ್ತವೆ, ಬೇರೆ ಅನಿಲಗಳು ತಳದಲ್ಲಿ ತುಂಬಿರುತ್ತವೆ. ಆಕ್ಸಿಜನ್ ಮಾತ್ರ ಕಡಿಮೆ ಇರುವ ಗಾಳಿಯಲ್ಲಿ ನಿಮ್ಮ ಕಾರ್ಬನ್ ಡೈಆಕ್ಸೈಡ್ ಮಾಮೂಲಿನಂತೆ ಹೊರಗೆ ಹೋಗುತ್ತಲೇ ಇರುತ್ತದೆ, ಹಾಗಾಗಿ ಉಸಿರು ಕಟ್ಟಿದ ಹಾಗೇ ಆಗುವುದಿಲ್ಲ. ಶುದ್ಧ ನೈಟ್ರೋಜನ್ ಆದರೆ ಕೆಲವೇ ಉಸಿರು, ಅಷ್ಟರಲ್ಲಿ ಕುಸಿದಿರುತ್ತಾರೆ. 1981ರ ಮಾರ್ಚ್ 19ರಂದು ಅಮೆರಿಕದ ಕೊಲಂಬಿಯಾ ಬಾಹ್ಯಾಕಾಶ ನೌಕೆಯಲ್ಲಿ ಹೀಗೇ ಆಯಿತು. ಮೊದಲ ಹಾರಾಟಕ್ಕೆ ಒಂದು ತಿಂಗಳೂ ಇರಲಿಲ್ಲ. ನೈಟ್ರೋಜನ್ ತುಂಬಿದ್ದ ಹಿಂಭಾಗದ ಕೋಣೆಗೆ ಕೆಲಸಗಾರರು ಗೊತ್ತಿಲ್ಲದೆ ಹೋದರು, ಹೋದವರು ಬಿದ್ದರು. ಒಬ್ಬರು ಅವತ್ತೇ ಸತ್ತರು, ಇನ್ನೊಬ್ಬರು ಕೆಲವು ದಿನಗಳ ನಂತರ. ಅಲ್ಲಿ ಯಾವ ಮೋಹಿನಿ ಇದ್ದಳು? ಬಾವಿಗೆ ದೀಪ ಇಳಿಬಿಟ್ಟು ನೋಡುವ ಹಿರಿಯರ ಪದ್ಧತಿಗೆ ಅರ್ಥ ಇತ್ತು, ಆದರೆ ಅದೂ ಪೂರ್ತಿ ಭರವಸೆ ಅಲ್ಲ. ಮ್ಯಾನ್‌ಹೋಲುಗಳಲ್ಲಿ ಸಿಗುವ ಹೈಡ್ರೋಜನ್ ಸಲ್ಫೈಡ್ ಇದ್ದರೂ ದೀಪ ಆರಾಮವಾಗಿ ಉರಿಯಬಹುದು, ಮನುಷ್ಯ ಬದುಕುವುದಿಲ್ಲ.

ಹಾಲ್ಡೇನ್ ತನ್ನ ಮಗನಿಗೆ ಈ ಪಾಠ ಕಲಿಸಿದ ರೀತಿಯೇ ಬೇರೆ. ಗಣಿಯೊಂದರಲ್ಲಿ ಮೀಥೇನ್ ಹಗುರವಾದ್ದರಿಂದ ಚಾವಣಿಯ ಹತ್ತಿರ ತುಂಬಿತ್ತು. ಹುಡುಗನಿಗೆ ಎದ್ದು ನಿಂತು ಷೇಕ್ಸ್‌ಪಿಯರ್ ನಾಟಕದ ಮಾರ್ಕ್ ಆಂಟನಿ ಭಾಷಣ ಒಪ್ಪಿಸು ಅಂದ. ಹುಡುಗ ಶುರು ಮಾಡಿದ, ಒಂದಿಷ್ಟು ಏದಿದ, ಭಾಷಣ ಮುಗಿಯುವ ಮೊದಲೇ ಕಾಲು ಸೋತು ಬಿದ್ದ. ನೆಲದ ಹತ್ತಿರ ಗಾಳಿ ಚೆನ್ನಾಗಿದ್ದದ್ದರಿಂದ ಚೇತರಿಸಿಕೊಂಡ. ಎಂಥ ಅಪ್ಪ ಅಲ್ವಾ! ಆ ಹುಡುಗನೇ ಮುಂದೆ ದೊಡ್ಡ ಜೀವವಿಜ್ಞಾನಿಯಾದ ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಹುಡುಗ ಒಂದಿಷ್ಟು ಏದಿದ ಅಂದೆನಲ್ಲ, ಅದಕ್ಕೂ ಕಾರಣ ಇದೆ. ದೇಹ ಆಕ್ಸಿಜನ್ ವಿಷಯದಲ್ಲಿ ಪೂರ್ತಿ ಕುರುಡಲ್ಲ. ಕುತ್ತಿಗೆಯ ಎರಡೂ ಪಕ್ಕ, ದೊಡ್ಡ ರಕ್ತನಾಳ ಕವಲೊಡೆಯುವ ಜಾಗದಲ್ಲಿ, ಅಕ್ಕಿಕಾಳಿನಷ್ಟು ಪುಟ್ಟ ಕ್ಯಾರೋಟಿಡ್ ಕಾಯಗಳಿವೆ. ಆಕ್ಸಿಜನ್ ನೋಡುವುದು ಇವು. ಇದನ್ನು ತೋರಿಸಿದ ಬೆಲ್ಜಿಯಂನ ಕಾರ್ನೇಯ್ ಹೇಮನ್ಸ್‌ಗೆ 1938ರ ನೊಬೆಲ್ ಬಂತು. ಆದರೆ ಆಕ್ಸಿಜನ್ ಸಾಕಷ್ಟು ಕೆಳಗಿಳಿಯುವ ತನಕ ಇವು ದೊಡ್ಡದಾಗಿ ಕೂಗುವುದಿಲ್ಲ.

2020-21ರಲ್ಲಿ ಇದರ ಬೆಲೆ ಗೊತ್ತಾಯಿತು. ಆಕ್ಸಿಜನ್ 80ಕ್ಕೆ ಇಳಿದಿದ್ದರೂ ಕೆಲವು ರೋಗಿಗಳು ಫೋನಿನಲ್ಲಿ ಆರಾಮವಾಗಿ ಮಾತಾಡುತ್ತಾ "ನಂಗೇನೂ ಆಗಿಲ್ಲ" ಅನ್ನುತ್ತಿದ್ದರು. ಕಾರ್ಬನ್ ಡೈಆಕ್ಸೈಡ್ ತೆಳು ಪೊರೆಗಳನ್ನು ಆಕ್ಸಿಜನ್ನಿಗಿಂತ ಸುಮಾರು 20 ಪಟ್ಟು ಸುಲಭವಾಗಿ ದಾಟುತ್ತದೆ. ಶ್ವಾಸಕೋಶದ ಒಂದು ಭಾಗ ಕೆಟ್ಟರೂ ಉಳಿದ ಭಾಗ ಸ್ವಲ್ಪ ಜಾಸ್ತಿ ದುಡಿದು ಅದನ್ನು ಹೊರಹಾಕುತ್ತದೆ. ಆಕ್ಸಿಜನ್ನಿಗೆ ಈ ಉಪಾಯ ನಡೆಯುವುದಿಲ್ಲ, ಯಾಕೆಂದರೆ ಒಳ್ಳೆ ಭಾಗದಿಂದ ಬರುವ ರಕ್ತ ಆಗಲೇ ತುಂಬಿಹೋಗಿರುತ್ತದೆ. ಹಾಗಾಗಿ ಎಲೆ ಲೆಕ್ಕ ಸರಿ, ಕೊಪ್ಪರಿಗೆ ಖಾಲಿ. ಆ ದಿನಗಳಲ್ಲೇ ವಾಟ್ಸಾಪಿನಲ್ಲಿ ಎರಡು ಸಂದೇಶ ಓಡಾಡಿದವು. 10 ಸೆಕೆಂಡ್ ಕೆಮ್ಮದೆ ಉಸಿರು ಹಿಡಿದರೆ ಕೊರೊನಾ ಇಲ್ಲ ಅಂತ ಒಂದು. ಕರ್ಪೂರ, ಓಮ, ಲವಂಗದ ಗಂಟು ಮೂಸಿದರೆ ಆಕ್ಸಿಜನ್ ಏರುತ್ತದೆ ಅಂತ ಇನ್ನೊಂದು. ಉಸಿರು ಹಿಡಿಯುವ ತಾಕತ್ತಿನಿಂದ ಆಕ್ಸಿಜನ್ ಎಷ್ಟಿದೆ ಅಂತ ಗೊತ್ತಾಗುವುದಿಲ್ಲ. ಕರ್ಪೂರ ಮೂಗಿನ ತಂಪು ನರಗಳನ್ನು ಕೆರಳಿಸುತ್ತದೆ, ಮೂಗು ಬಿಟ್ಟ ಹಾಗೆ ಅನ್ನಿಸುತ್ತದೆ, ರಕ್ತದಲ್ಲಿ ಏನೂ ಬದಲಾಗುವುದಿಲ್ಲ. ಆರಾಮ ಅನ್ನಿಸಿತು ಅಂತ ಮನೆಯಲ್ಲೇ ಕೂತವರನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಆ ಸಂದೇಶ ಕಳಿಸಿದವರ ಮೇಲೆ.

ಕೊನೆಯದಾಗಿ ಲೇಹ್. ಬೆಂಗಳೂರಿನಿಂದ ವಿಮಾನದಲ್ಲಿ ಹೋಗಿ ಸುಮಾರು 3,500 ಮೀಟರ್ ಎತ್ತರದಲ್ಲಿ ಇಳಿದ ತಕ್ಷಣ ಖರ್ದುಂಗ್ ಲಾ ಹತ್ತಲು ಹೊರಡುವವರಿಗೆ ಹೇಳುವ ಮಾತು. ಅಲ್ಲಿ ಆಕ್ಸಿಜನ್ ಕಡಿಮೆ, ಕ್ಯಾರೋಟಿಡ್ ಕಾಯಗಳು "ಜೋರಾಗಿ ಎಳಿ" ಅನ್ನುತ್ತವೆ. ಎಳೆದರೆ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಆಗ ಮೆದುಳಿನ ಬುಡ "ಸಾಕು ನಿಲ್ಲಿಸು" ಅನ್ನುತ್ತದೆ. ಒಂದು ಆಕ್ಸಿಲರೇಟರ್, ಇನ್ನೊಂದು ಬ್ರೇಕು, ಎರಡೂ ಒಟ್ಟಿಗೆ. ರಾತ್ರಿ ನಿದ್ದೆಯಲ್ಲಿ ಉಸಿರು ಜೋರಾಗುವುದು, ಕೆಲವು ಸೆಕೆಂಡು ಪೂರ್ತಿ ನಿಲ್ಲುವುದು, ಮತ್ತೆ ಜೋರಾಗುವುದು ಇದರಿಂದಲೇ. ಕಿಡ್ನಿಗಳು ಹುಳಿಯನ್ನು ತಗ್ಗಿಸುವ ಬೈಕಾರ್ಬೊನೇಟನ್ನು ಮೂತ್ರದಲ್ಲಿ ಹೊರಹಾಕಿ ರಕ್ತದ ಹುಳಿಯನ್ನು ಸರಿಗೆ ತಂದ ಮೇಲೆ ಬ್ರೇಕು ಸಡಿಲವಾಗುತ್ತದೆ. ಅದಕ್ಕೆ ಕೆಲವು ದಿನ ಬೇಕು. ಮೊದಲ ಒಂದೆರಡು ದಿನ ಹೋಟೆಲಿನಲ್ಲಿ ಸುಮ್ನೆ ಮಲಗಿರಿ ಅನ್ನುವುದು ಇದಕ್ಕೇ. ಡಾಕ್ಟರು ಬರೆದುಕೊಡುವ ಅಸೆಟಜೋಲಮೈಡ್ ಮಾತ್ರೆ ಮಾಡುವುದೂ ಇದೇ ಕೆಲಸ, ಕಿಡ್ನಿಯಿಂದ ಬೈಕಾರ್ಬೊನೇಟ್ ಬೇಗ ಆಚೆ ಕಳಿಸುತ್ತದೆ. ಅದನ್ನು ನುಂಗಿದವರು ರಾತ್ರಿಯೆಲ್ಲಾ ಬಾತ್‌ರೂಮಿಗೆ ಓಡಾಡುವುದು ಸೈಡ್ ಎಫೆಕ್ಟ್ ಅಂತ ಬೈಯುವ ಹಾಗಿಲ್ಲ, ಮಾತ್ರೆ ಕೆಲಸ ಮಾಡುವ ದಾರಿಯೇ ಅದು.