ಹೆರಿಗೆ ನಂತರದ ಖಿನ್ನತೆ: ಮೊದಲು ದಿನ ಎಣಿಸಿ

ಈ ಪಾಠದಲ್ಲಿ ನನಗೆ ಜಾಸ್ತಿ ಗೊಂದಲವಾಗಿದ್ದು ಒಂದೇ ಕಡೆ. ಹೆರಿಗೆಯಾದ ತಾಯಿ ಅಳುತ್ತಿದ್ದರೆ ಅದು ಸಹಜವೋ, ಕಾಯಿಲೆಯೋ? ಇದು ಬಿಡಿಸಿಕೊಂಡರೆ ಉಳಿದದ್ದು ಸಲೀಸು.

ಮೊದಲು ದಿನ ಎಣಿಸಬೇಕು. ಎರಡನೇ, ಮೂರನೇ ದಿನಕ್ಕೆ ಸುಮ್ನೆ ಅಳು ಬರುತ್ತದೆ, ಸಿಡುಕು ಬರುತ್ತದೆ. ಇದು ಬೇಬಿ ಬ್ಲೂಸ್. ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಬರುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಔಷಧಿ ಬೇಡ. ಎರಡು ವಾರ ದಾಟಿದರೂ ಬೇಸರ ಇಳಿಯದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ, 'ನಾನು ಒಳ್ಳೆ ತಾಯಿಯಲ್ಲ' ಎಂಬ ಕೊರಗು ಕಾಡುತ್ತಿದ್ದರೆ ಖಿನ್ನತೆ ಇರಬಹುದು ಎಂದು ನೋಡಲೇಬೇಕು. ಸುಮಾರು ಏಳೆಂಟು ತಾಯಂದಿರಲ್ಲಿ ಒಬ್ಬರಿಗೆ ಇದು ಬರುತ್ತದೆ. ಡಿಎಸ್‌ಎಂ-5 (ಮನೋರೋಗಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ) ಪ್ರಕಾರ ಇದು ಗರ್ಭಿಣಿಯಾಗಿದ್ದಾಗ ಅಥವಾ ಹೆರಿಗೆಯಾದ 4 ವಾರದೊಳಗೆ ಶುರುವಾಗಿರಬೇಕು. ಪರೀಕ್ಷೆಯಲ್ಲಿ ಬರೆಯಲು ಅಷ್ಟು ಸಾಕು. ವೈದ್ಯರು ಮಾತ್ರ ಒಂದು ವರ್ಷದವರೆಗೂ ಗಮನ ಇಡುತ್ತಾರೆ.

ಆಯಾಸ, ನಿದ್ದೆಗೇಡು ಎಲ್ಲ ಹೊಸ ತಾಯಂದಿರಿಗೂ ಇರುತ್ತದೆ, ಅಲ್ವಾ? ಹಾಗಾಗಿ 'ನಿದ್ದೆ ಬರುತ್ತಾ?' ಎಂದಷ್ಟೇ ಕೇಳಿದರೆ ಏನೂ ತಿಳಿಯದು. 'ಮಗು ಮಲಗಿದಾಗ ನಿಮಗೆ ನಿದ್ದೆ ಬರುತ್ತಾ?' ಎಂದು ಕೇಳಬೇಕು. ಮಗು ಮಲಗಿ, ಮನೆ ಶಾಂತವಾಗಿದ್ದರೂ ಆಕೆ ಎಚ್ಚರವೇ ಇದ್ದರೆ ಅದು ಬೇರೆ ಸಂಗತಿ. 1987ರಲ್ಲಿ ಬಂದ ಎಡಿನ್‌ಬರೊ ಸ್ಕೇಲ್ (ಈ ಖಿನ್ನತೆ ಪತ್ತೆಗೆ ತಾಯಿಯೇ ತುಂಬುವ ಪ್ರಶ್ನಾವಳಿ) ಕೂಡ ಇದೇ ಜಾಣತನದ್ದು. ಕಳೆದ 7 ದಿನಗಳ ಬಗ್ಗೆ 10 ಪ್ರಶ್ನೆ, ಒಟ್ಟು 30 ಅಂಕ. ಹಸಿವು, ಸುಸ್ತು ಕೇಳುವುದೇ ಇಲ್ಲ. ನಿದ್ದೆಯ ಪ್ರಶ್ನೆಯೂ ದುಃಖದಿಂದ ನಿದ್ದೆ ಕೆಟ್ಟಿದೆಯೇ ಎಂದು ಕೇಳುತ್ತದೆ. ಸಾಮಾನ್ಯವಾಗಿ ಅಂಕ 10 ಅಥವಾ 13 ಮುಟ್ಟಿದರೆ (ಗಡಿ ಕಡೆಕಡೆಗೆ ಬೇರೆ) ಮುಂದಿನ ತಪಾಸಣೆ. ಆದರೆ ಹತ್ತನೇ ಪ್ರಶ್ನೆ, ತನಗೆ ತಾನು ಹಾನಿ ಮಾಡಿಕೊಳ್ಳುವ ಯೋಚನೆಯದ್ದು. ಅಲ್ಲಿ ಸೊನ್ನೆ ಬಿಟ್ಟು ಯಾವ ಉತ್ತರ ಬಂದರೂ, ಒಟ್ಟು ಅಂಕ ಕಡಿಮೆಯಿದ್ದರೂ, ಅದೇ ದಿನ ಮಾತಾಡಬೇಕು.

ಇನ್ನೊಂದು ಸೂಕ್ಷ್ಮ. 'ಮಗುವನ್ನು ಕೈಯಿಂದ ಬೀಳಿಸಿಬಿಟ್ಟರೆ?' ಎಂಬಂಥ ಬೇಡದ ಯೋಚನೆ ಬಂದು ತಾಯಿ ತಾನೇ ಹೆದರುವುದುಂಟು. ಬೈಯುತ್ತಾರೆಂದು ಯಾರಿಗೂ ಹೇಳುವುದಿಲ್ಲ. ಆಕೆಗೆ ಅದು ತಪ್ಪು ಅನ್ನಿಸುತ್ತಿದೆ, ಅದೇ ಮುಖ್ಯ. ಸೈಕೋಸಿಸ್‌ನಲ್ಲಿ ಹಾಗಲ್ಲ: ಇಲ್ಲದ ದನಿ ಕೇಳುತ್ತದೆ, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ ಹುಟ್ಟುತ್ತದೆ, ಆಕೆಗೆ ಅದೆಲ್ಲ ನಿಜ. ಸಾವಿರಕ್ಕೆ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ಆಗ ಮಗುವಿನ ಜೊತೆ ಆಕೆಯನ್ನು ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಯಾವುದೆಂದು ಸಂದೇಹವಿದ್ದರೂ ವೈದ್ಯರೇ ನೋಡಬೇಕು.

ಚಿಕಿತ್ಸೆಗೆ ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್ ನೋಡುತ್ತಾರೆ, ಅವುಗಳ ಏರುಪೇರೂ ಹೀಗೇ ಕಾಣುತ್ತದೆ. ಬೈಪೋಲಾರ್ ಕಾಯಿಲೆ (ಒಮ್ಮೆ ಖಿನ್ನತೆ, ಒಮ್ಮೆ ಅತಿ ಉತ್ಸಾಹದ ಉನ್ಮಾದ) ಹಿಂದೆ ಇತ್ತೇ ಎಂದೂ ಕೇಳುತ್ತಾರೆ. ಇದ್ದರೆ ಬರೀ ಖಿನ್ನತೆಯ ಮಾತ್ರೆ ಕೊಟ್ಟು ಉನ್ಮಾದ ಕೆರಳಬಹುದು.

ಸೌಮ್ಯ ಖಿನ್ನತೆಗೆ ಮಾತಿನ ಚಿಕಿತ್ಸೆ ಮೊದಲು. ಅದರಲ್ಲಿ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಯೋಚನೆಯ ಜಾಡನ್ನು ಹಿಡಿಯುತ್ತದೆ. ಐಪಿಟಿ (ಇಂಟರ್‌ಪರ್ಸನಲ್ ಥೆರಪಿ) ತಾಯಾದ ಮೇಲೆ ಬದಲಾದ ಸಂಬಂಧಗಳನ್ನು ಹಿಡಿಯುತ್ತದೆ. ಈ ಕಾಯಿಲೆಗೆ ಅದು ಚೆನ್ನಾಗಿ ಹೊಂದುತ್ತದೆ ಎನ್ನುವುದು ನನ್ನ ಅನಿಸಿಕೆ. ಜಾಸ್ತಿ ಇದ್ದರೆ ಮಾತ್ರೆ. ಎದೆಹಾಲು ಬಿಡಿಸಬೇಕಾಗುತ್ತದೆ ಎಂಬ ಭಯಕ್ಕೇ ಎಷ್ಟೋ ತಾಯಂದಿರು ಮಾತ್ರೆ ಬೇಡ ಅನ್ನುತ್ತಾರೆ. ಆದರೆ ಸರ್ಟ್ರಲಿನ್ ಎಂಬ ಖಿನ್ನತೆಯ ಮಾತ್ರೆ ಹಾಲಿಗೆ ಬಹಳ ಕಡಿಮೆ ಸೇರುತ್ತದೆ, ಸಾಮಾನ್ಯವಾಗಿ ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದು. ಗುಣ ಕಾಣಲು ಕೆಲವು ವಾರ ಬೇಕು. ಚೆನ್ನಾದ ಮೇಲೂ ಆರು ತಿಂಗಳಾದರೂ ಮುಂದುವರಿಸುತ್ತಾರೆ.

ಹೊಸ ಮಾತ್ರೆ ಜುರಾನೊಲೋನ್. ಹೆರಿಗೆಯಾದ ಕೂಡಲೇ ಪ್ರೊಜೆಸ್ಟೆರಾನ್ ಹಾರ್ಮೋನ್ ಕುಸಿಯುತ್ತದೆ. ಅದರಿಂದ ಮಿದುಳಿನಲ್ಲಿ ತಯಾರಾಗುವ, ಮನಸ್ಸನ್ನು ಶಾಂತ ಮಾಡುವ ಅಲೊಪ್ರೆಗ್ನನೊಲೋನ್ ಕೂಡ ಕುಸಿಯುತ್ತದೆ. ಈ ಮಾತ್ರೆ ಅದರಂತೆಯೇ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. 14 ದಿನ, ದಿನಕ್ಕೊಮ್ಮೆ ಸಂಜೆ. ತೂಕಡಿಕೆ ಬರುವುದರಿಂದ ಪ್ರತಿ ಸಲ ನುಂಗಿದ ಮೇಲೆ 12 ಗಂಟೆ ಕಾಲ ವಾಹನ ಓಡಿಸಬಾರದು.

ಇವೆಲ್ಲದರ ಜೊತೆ ಮನೆಯವರನ್ನೂ ಕೂರಿಸಿ ಮಾತಾಡಬೇಕು. ರಾತ್ರಿ ಒಂದು ಸರದಿ ಮಗುವನ್ನು ಬೇರೆಯವರು ನೋಡಿಕೊಂಡರೆ ತಾಯಿಗೆ ನಾಲ್ಕೈದು ಗಂಟೆ ಸತತ ನಿದ್ದೆ ಸಿಗುತ್ತದೆ. ಯಾರು, ಯಾವ ಹೊತ್ತಿಗೆ ಎಂದು ಅಲ್ಲೇ ಗೊತ್ತುಮಾಡಿ ಬರೆಸಿ ಕಳಿಸಿ.