ಬಲೆ ಹರಿದರೆ ಯಾರ ಲೆಕ್ಕ? ಯೋಜನಾ ಒಪ್ಪಂದಗಳ ಹಿಂದಿನ ಕಥೆ

ಮಲ್ಪೆ ಬಂದರಿನಲ್ಲಿ ಬೋಟು ಬಂದು, ಮೀನು ಏಲಂ ಆದ ಮೇಲೆ ಒಂದು ಚೀಟಿ ತಯಾರಾಗುತ್ತದೆ. ಎಷ್ಟಕ್ಕೆ ಹೋಯಿತು ಎನ್ನುವುದು ಮೇಲೆ. ಅದರ ಕೆಳಗೆ ಡೀಸೆಲ್, ಐಸ್, ಅಕ್ಕಿ-ಸಾಮಾನು, ಕಮಿಷನ್. ಇಷ್ಟನ್ನು ಕಳೆದು ಉಳಿದದ್ದರಲ್ಲಿ ಮಾಲೀಕರಿಗೆ ಇಷ್ಟು, ಬೋಟಿನಲ್ಲಿ ದುಡಿದವರಿಗೆ ಇಷ್ಟು ಎಂದು ಪಾಲು. ಪಾಲಿನ ಲೆಕ್ಕ ಒಂದೊಂದು ಬೋಟಿಗೆ ಒಂದೊಂದು ತರ. ಅದರ ಮೇಲೆ ಜಗಳ ಕಡಿಮೆ, ಸೀಸನ್ ಶುರುವಾಗುವ ಮೊದಲೇ ಮಾತಾಗಿರುತ್ತದೆ. ಜಗಳ ಹುಟ್ಟುವುದು ಕಳೆಯುವ ಪಟ್ಟಿಯಲ್ಲಿ. ಬಂಡೆಗೆ ಸಿಕ್ಕಿ ಬಲೆ ಹರಿಯಿತು ಅಂದುಕೊಳ್ಳಿ. ಅದು ಎಲ್ಲರ ಖರ್ಚಾ, ಮಾಲೀಕರ ಖರ್ಚಾ?

ನಾನು ಉಡುಪಿ ಕಡೆಯ ಒಂದು ಸಂಸ್ಥೆಯಲ್ಲಿ ಸಂಶೋಧನಾ ಯೋಜನೆಗಳ ಫೈಲು ನೋಡುವವನು. ಒಂದೊಂದು ಯೋಜನೆಗೂ ಅರವತ್ತು ಎಪ್ಪತ್ತು ಪುಟದ ಒಪ್ಪಂದ ಬರುತ್ತದೆ. ಮೊದಲ ಹತ್ತು ಪುಟ ಬರೀ ಪದಗಳ ಅರ್ಥ. ‘ಅರ್ಹ ವೆಚ್ಚ’ ಎಂದರೆ ಏನು, ‘ಗೋಪ್ಯ ಮಾಹಿತಿ’ ಎಂದರೆ ಏನು, ಯಾರಿಗೆ ಯಾವ ಕೆಲಸ. ಸಹಿ ಹಾಕುವವರಲ್ಲಿ ಹೆಚ್ಚಿನವರು ಈ ಪುಟಗಳನ್ನು ಸುಮ್ನೆ ಮಗುಚಿ, ಹಣದ ಅಂಕಿ ಇರುವ ಪುಟಕ್ಕೆ ಹೋಗುತ್ತಾರೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಈಗ ಮೊದಲ ಹತ್ತು ಪುಟವನ್ನೇ ಎರಡು ಸಲ ಓದುತ್ತೇನೆ. ಅಲ್ಲಿನ ಒಂದೊಂದು ಸಾಲಿನ ಹಿಂದೆಯೂ ಎಲ್ಲೋ, ಯಾವಾಗಲೋ ನಡೆದ ಒಂದು ಜಗಳ ಇದೆ. ಅವುಗಳಲ್ಲಿ ಕೆಲವನ್ನು ಹೇಳುತ್ತೇನೆ.

ನೂರು ಟನ್ ಎಣ್ಣೆ

ನಮ್ಮ ದೇಶದ ಮಟ್ಟಿಗೆ ಕಥೆ 1872ರ ಒಪ್ಪಂದ ಕಾಯ್ದೆಯಿಂದ ಶುರು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾಗಿ ಏಳು ವರ್ಷ ಆಗಿತ್ತಷ್ಟೆ. ಆ ಕಾಯ್ದೆಯ 29ನೇ ಸೆಕ್ಷನ್ ಹೇಳುವುದು ಇಷ್ಟು: ಅರ್ಥ ಖಚಿತವಾಗಿಲ್ಲದ, ಖಚಿತ ಮಾಡಿಕೊಳ್ಳಲೂ ಆಗದ ಒಪ್ಪಂದ ಅಸಿಂಧು. ಅದರ ಕೆಳಗೆ ಉದಾಹರಣೆಗಳಿವೆ. ಒಬ್ಬ ಇನ್ನೊಬ್ಬನಿಗೆ ‘ನೂರು ಟನ್ ಎಣ್ಣೆ’ ಮಾರುತ್ತೇನೆ ಎಂದು ಒಪ್ಪಿದ. ಯಾವ ಎಣ್ಣೆ ಎಂದು ಎಲ್ಲೂ ಇಲ್ಲ. ಆ ಒಪ್ಪಂದ ನಿಲ್ಲುವುದಿಲ್ಲ. ಆದರೆ ಮಾರುವವನು ತೆಂಗಿನೆಣ್ಣೆಯ ವ್ಯಾಪಾರಿ, ಬೇರೆ ಎಣ್ಣೆ ಮುಟ್ಟುವವನೇ ಅಲ್ಲ ಎಂದಾದರೆ? ಆಗ ಅದು ನೂರು ಟನ್ ತೆಂಗಿನೆಣ್ಣೆಯ ಒಪ್ಪಂದ, ಅದಕ್ಕೆ ಬೆಲೆ ಉಂಟು.

ಕಾಯ್ದೆ ಬರೆದವರಿಗೆ ನಮ್ಮ ಕರಾವಳಿಯ ನೆನಪಿತ್ತೋ ಇಲ್ಲವೋ. ನನಗಂತೂ ಇದು ಬಂದರು ಪೇಟೆಯ ಮಾತಿನ ಹಾಗೆ ಕೇಳುತ್ತದೆ. ಎದುರಿಗಿರುವವನ ವ್ಯಾಪಾರ ಗೊತ್ತಿದ್ದರೆ ‘ಎಣ್ಣೆ’ ಅಂದರೆ ಸಾಕು. ಗೊತ್ತಿಲ್ಲದವರ ಜೊತೆ, ದೂರದವರ ಜೊತೆ ಕೈ ಜೋಡಿಸುವಾಗಲೇ ಪುಟ ಉದ್ದವಾಗುವುದು.

ದೋಣಿಯ ಖರ್ಚು, ಅಮೆರಿಕದಲ್ಲಿ

‘ಅರ್ಹ ವೆಚ್ಚ’, ಅಂದರೆ ಅನುದಾನದ ಲೆಕ್ಕಕ್ಕೆ ಹಾಕಬಹುದಾದ ಖರ್ಚು, ಎಂಬ ಪದಕ್ಕೆ ಇಷ್ಟು ತೂಕ ಬಂದದ್ದು ಎರಡನೇ ಮಹಾಯುದ್ಧದ ನಂತರ. ಸರ್ಕಾರಗಳು ವಿಶ್ವವಿದ್ಯಾಲಯಗಳಿಗೆ ಸಂಶೋಧನೆಗೆಂದು ದೊಡ್ಡ ಮೊತ್ತ ಕೊಡಲು ಶುರುಮಾಡಿದವು. ಪ್ರಯೋಗಾಲಯದ ಸಾಮಾನು, ಸಂಬಳ ಇವು ನೇರ ಖರ್ಚು. ಬಿಲ್ಲು ತೋರಿಸಿದರೆ ಮುಗಿಯಿತು. ಆದರೆ ಕರೆಂಟು, ಲೈಬ್ರರಿ, ಕಟ್ಟಡದ ಸವಕಳಿ, ನನ್ನಂಥ ಗುಮಾಸ್ತರ ಸಂಬಳ? ಇದನ್ನು ಯಾವ ಯೋಜನೆಯ ಲೆಕ್ಕಕ್ಕೆ ಹಾಕುವುದು? ಇದಕ್ಕೆ ‘ಓವರ್‌ಹೆಡ್’ ಎಂದು ಹೆಸರು. ನೇರ ಖರ್ಚಿನ ಮೇಲೆ ಶೇಕಡಾ ಇಷ್ಟು ಎಂದು ಕೊಡುವ ಪದ್ಧತಿ ಬಂತು.

ಶೇಕಡಾವಾರು ಲೆಕ್ಕದೊಳಗೆ ಏನೇನು ನುಸುಳಬಹುದು ಎನ್ನುವುದು ಬಯಲಾದದ್ದು 1990-91ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಚಾರದಲ್ಲಿ. ಅಲ್ಲಿ ನೌಕಾಪಡೆಯ ಸಂಶೋಧನಾ ಕಚೇರಿಯ ಒಬ್ಬ ಅಧಿಕಾರಿ ಲೆಕ್ಕ ಕೆದಕಿದರು. ಸರ್ಕಾರಕ್ಕೆ ಕೊಟ್ಟ ಓವರ್‌ಹೆಡ್ ಪಟ್ಟಿಯಲ್ಲಿ ಒಂದು ವಿಹಾರ ನೌಕೆಯ ಸವಕಳಿಯೂ ಸೇರಿತ್ತು. ವಿಶ್ವವಿದ್ಯಾಲಯದ ಅಧ್ಯಕ್ಷರ ಮನೆಯ ಹೂವಿನ ಖರ್ಚೂ ಇತ್ತು. 1991ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ಸ್ಟ್ಯಾನ್‌ಫರ್ಡ್‌ನ ಓವರ್‌ಹೆಡ್ ದರ ಶೇ. 55.5ಕ್ಕೆ ಇಳಿಯಿತು. ಅಧ್ಯಕ್ಷರು ಹುದ್ದೆ ಬಿಡುವುದಾಗಿ ಹೇಳಿದರು. ಆದರೆ ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. 1994ರಲ್ಲಿ ವಿವಾದ ಮುಗಿದಾಗ ವಿಶ್ವವಿದ್ಯಾಲಯ ಕಟ್ಟಿದ್ದು ಸುಮಾರು 12 ಲಕ್ಷ ಡಾಲರ್, ಮೋಸದ ಆರೋಪ ಸಾಬೀತಾಗಲಿಲ್ಲ. ಪಟ್ಟಿಯಲ್ಲಿ ಯಾವುದು ಸೇರಬಾರದು ಎಂದು ಸ್ಪಷ್ಟವಾಗಿ ಬರೆದೇ ಇರದಿದ್ದರೆ ಯಾರನ್ನು ದೂರುವುದು ಅಲ್ವಾ?

1991ರಲ್ಲೇ ಅಮೆರಿಕ ಸರ್ಕಾರ ವಿಶ್ವವಿದ್ಯಾಲಯಗಳ ಆಡಳಿತ ಖರ್ಚಿಗೆ ಶೇ. 26ರ ಮಿತಿ ಹಾಕಿತು. ಮಾದಕ ಪಾನೀಯ, ಮನರಂಜನೆ, ದಂಡ ಇಂಥದ್ದೆಲ್ಲ ಲೆಕ್ಕಕ್ಕಿಲ್ಲ ಎನ್ನುವ ಸಾಲುಗಳನ್ನು ಈಗ ಹಲವು ದೇಶಗಳ ಅನುದಾನದ ಒಪ್ಪಂದಗಳಲ್ಲಿ ನೋಡಬಹುದು. ಯುರೋಪಿನವರು ಈ ತಲೆನೋವೇ ಬೇಡ ಎಂದು ತಮ್ಮ ‘ಹೊರೈಜನ್ 2020’ ಕಾರ್ಯಕ್ರಮದಲ್ಲಿ ಎಲ್ಲರಿಗೂ ಒಂದೇ ದರ ಇಟ್ಟರು, ನೇರ ಖರ್ಚಿನ ಶೇ. 25. ಕರೆಂಟು ಬಿಲ್ಲು ತೋರಿಸುವುದೂ ಬೇಡ, ಹೂವಿನ ಬಿಲ್ಲು ಅಡಗಿಸುವುದೂ ಬೇಡ. ನನ್ನ ಅಭಿಪ್ರಾಯ ಕೇಳಿದರೆ ಇದೇ ಒಳ್ಳೆಯದು.

ಎರಡು ದಿನ ಮುಂಚಿನ ಬಿಲ್ಲು

ನಮ್ಮಲ್ಲಿ ಇದರ ಮೂಲ ‘ಸಾಮಾನ್ಯ ಹಣಕಾಸು ನಿಯಮಗಳು’. ಕೇಂದ್ರ ಸರ್ಕಾರ 1947ರಲ್ಲಿ ಹೊರಡಿಸಿದ್ದು, 1963, 2005 ಮತ್ತು 2017ರಲ್ಲಿ ತಿದ್ದಿದ್ದು. ಅನುದಾನ ತೆಗೆದುಕೊಂಡವರಿಗೆ ಇದರಲ್ಲಿ ಅತ್ಯಂತ ಪರಿಚಯದ ವಸ್ತು ‘ಯುಸಿ’, ಅಂದರೆ ಬಳಕೆ ಪ್ರಮಾಣಪತ್ರ. ಈಗಿನ ನಮೂನೆಗೆ 12-ಎ ಎಂದು ಹೆಸರು. ಆರ್ಥಿಕ ವರ್ಷ ಮುಗಿದು 12 ತಿಂಗಳೊಳಗೆ ಕೊಡಬೇಕು. ಕೊಟ್ಟ ಹಣ ಬ್ಯಾಂಕಿನಲ್ಲಿ ಕೂತು ಬಡ್ಡಿ ಹುಟ್ಟಿಸಿದರೆ ಅದೂ ಸರ್ಕಾರಕ್ಕೆ ವಾಪಸ್. ವಿದೇಶಿ ದೇಣಿಗೆ ತೆಗೆದುಕೊಳ್ಳುವವರಿಗೆ ಕಟ್ಟು ಇನ್ನೂ ಬಿಗಿ. 2020ರ ತಿದ್ದುಪಡಿ ಆಡಳಿತ ಖರ್ಚಿನ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನೂ ನಿಲ್ಲಿಸಿತು.

ನಮ್ಮ ಕಚೇರಿಯದ್ದೇ ಒಂದು ಕಥೆ ಇದೆ. ಮೀನಿನ ಸ್ಯಾಂಪಲ್ ತರುವ ಯೋಜನೆ. ಏಪ್ರಿಲ್ 1ರಿಂದ ಶುರು ಎಂದು ಒಪ್ಪಂದದಲ್ಲಿತ್ತು. ಸಮುದ್ರ ಸಮಾಧಾನವಾಗಿದೆ ಎಂದು ನಮ್ಮ ಹುಡುಗರು ಮಾರ್ಚ್ 30ಕ್ಕೇ ಬೋಟು ಬಾಡಿಗೆಗೆ ತೆಗೆದುಕೊಂಡು ಹೋಗಿ ಬಂದರು. ಸ್ಯಾಂಪಲ್ ಚೆನ್ನಾಗಿ ಸಿಕ್ಕಿತು. ಬಿಲ್ಲು ಮಾತ್ರ ವಾಪಸ್ ಬಂತು. ‘ಯೋಜನೆಯ ಅವಧಿಯೊಳಗೆ ಆದ ಖರ್ಚು ಮಾತ್ರ ಅರ್ಹ’ ಎಂಬ ಸಾಲಿಗೆ ಕೆಂಪು ಗೆರೆ ಎಳೆದಿದ್ದರು. ಜೊತೆಗೆ ಐಸಿನ ಚೀಟಿಯೂ ಹೋಯಿತು, ಅದರ ಮೇಲೆ ಅಂಗಡಿಯ ಹೆಸರೇ ಇರಲಿಲ್ಲ. ಹಣ ನಾವು ಬೇರೆ ಕಡೆಯಿಂದ ಹೊಂದಿಸಿದೆವು. ಸ್ಯಾಂಪಲ್ ಫ್ರೀಜರಿನಲ್ಲಿ ಇದ್ದೇ ಇತ್ತು. ಲೆಕ್ಕದಲ್ಲಿ ಮಾತ್ರ ಆ ಬೋಟು ದಡ ಬಿಟ್ಟೇ ಇರಲಿಲ್ಲ.

ಅನುದಾನವಾ, ಸೇವೆಗೆ ಕೊಟ್ಟ ಸಂಭಾವನೆಯಾ ಎನ್ನುವ ಒಂದು ಪದದ ವ್ಯತ್ಯಾಸವೂ ದುಬಾರಿ. ಸೇವೆ ಅಂದರೆ ಜಿಎಸ್‌ಟಿ. 2024ರಲ್ಲಿ ಕೆಲವು ದೊಡ್ಡ ಶಿಕ್ಷಣ ಸಂಸ್ಥೆಗಳಿಗೆ ಸಂಶೋಧನಾ ಅನುದಾನದ ಮೇಲೆ ತೆರಿಗೆ ನೋಟಿಸು ಹೋಗಿ ಗದ್ದಲವಾಯಿತು. ಆ ವರ್ಷದ ಸೆಪ್ಟೆಂಬರ್ 9ರ ಜಿಎಸ್‌ಟಿ ಮಂಡಳಿ ಸಭೆ ವಿನಾಯಿತಿಗೆ ಶಿಫಾರಸು ಮಾಡಿದ ಮೇಲೆಯೇ ನಮ್ಮಂಥವರಿಗೆ ನಿದ್ದೆ ಬಂದದ್ದು.

ರಸ್ತೆ ಅಗೆದ ಸಾಲ

ಇದೆಲ್ಲ ಕಾಲೇಜಿನವರ ಗೋಳು ಅಂದುಕೊಳ್ಳಬೇಡಿ. ಮಂಗಳೂರು, ಉಡುಪಿಯ ಬೀದಿಯಲ್ಲೂ ಇದೇ ಕಥೆ. 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕು ಕರ್ನಾಟಕ ಕರಾವಳಿ ಮತ್ತು ಸುತ್ತಲಿನ ಹತ್ತು ಊರುಗಳಿಗೆ ಕುಡಿಯುವ ನೀರು, ಒಳಚರಂಡಿಗೆಂದು 17.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಆ ಯೋಜನೆಯ ಚುಟುಕು ಹೆಸರು ‘ಕುಡ್ಸೆಂಪ್’ ಎಂದರೆ ಇಲ್ಲಿ ಆಟೋ ಓಡಿಸುವವರಿಗೂ ಗೊತ್ತು, ಅಷ್ಟು ರಸ್ತೆ ಅಗೆದಿದ್ದರು. ಆ ಕಾಲದ ಸಾಲದ ಒಪ್ಪಂದಗಳಲ್ಲಿ ಬ್ಯಾಂಕು ಕೊಡುವುದು ಪೈಪಿಗೆ, ಪಂಪಿಗೆ, ಸಿವಿಲ್ ಕೆಲಸಕ್ಕೆ. ತೆರಿಗೆ, ಜಾಗದ ಹಣ ಇವು ಸಾಮಾನ್ಯವಾಗಿ ಸರ್ಕಾರದ ಪಾಲು. ವಿಶ್ವಬ್ಯಾಂಕು 2004ರಲ್ಲಿ, ಏಷ್ಯನ್ ಬ್ಯಾಂಕು 2005ರಲ್ಲಿ ಈ ಅರ್ಹತೆಯ ನಿಯಮಗಳನ್ನು ಸಡಿಲ ಮಾಡಿದವು.

ಕಾಗದದ ಮೇಲೆ ಈ ಹಂಚಿಕೆ ಸರಿಯಾಗಿಯೇ ಕಾಣುತ್ತದೆ. ನೆಲದ ಮೇಲೆ ಏನಾಗುತ್ತದೆ ನೋಡಿ. ಪೈಪಿಗೆ ಹಣ ತಯಾರಿದೆ, ಗಡುವೂ ಓಡುತ್ತಿದೆ. ನಡುವೆ ಯಾರದ್ದೋ ಹತ್ತು ಸೆಂಟ್ಸ್ ಜಾಗ. ಅದನ್ನು ಬಿಡಿಸಿಕೊಡುವ ಜವಾಬ್ದಾರಿ ಇನ್ನೊಬ್ಬರದ್ದು, ಹಣದ ಹೆಡ್ ಬೇರೆ, ಫೈಲು ಬೇರೆ ಕಚೇರಿಯಲ್ಲಿ. ಹಾಗಾದಾಗ ಆಚೆಗೆ ಒಂದು ಪೈಪು, ಈಚೆಗೆ ಒಂದು ಪೈಪು, ನಡುವೆ ಖಾಲಿ. ಮಂಗಳೂರಿನ ಒಳಚರಂಡಿ ಸುದ್ದಿಯಲ್ಲಿ ‘ಮಿಸ್ಸಿಂಗ್ ಲಿಂಕ್’ ಎಂಬ ಪದ ವರ್ಷಗಳಿಂದ ಬರುತ್ತಲೇ ಇದೆ.

2016ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆ ಹೊತ್ತಿಗೆ ಹಳೆಯ ಪಾಠಗಳೆಲ್ಲ ಮಾರ್ಗಸೂಚಿಯೊಳಗೆ ಹೋಗಿದ್ದವು. ಕೆಲಸಕ್ಕೇ ಒಂದು ಕಂಪನಿ, ಅದರಲ್ಲಿ ರಾಜ್ಯಕ್ಕೂ ಪಾಲಿಕೆಗೂ ಸಮ ಪಾಲು. ಕೇಂದ್ರದ ಹಣದಲ್ಲಿ ಶೇ. 93 ಕೆಲಸಕ್ಕೆ, ಶೇ. 5 ರಾಜ್ಯ ಮತ್ತು ಪಾಲಿಕೆ ಮಟ್ಟದ ಆಡಳಿತ, ಕಚೇರಿ ಖರ್ಚಿಗೆ, ಉಳಿದ ಶೇ. 2 ಸಚಿವಾಲಯದ ಬಳಿ. ಓವರ್‌ಹೆಡ್ಡಿಗೆ ಮೊದಲೇ ಬೇಲಿ.

ಅರಿಶಿನ ಯಾರಿಗೆ ಗೊತ್ತಿರಲಿಲ್ಲ?

ಹಣದ ಜಗಳ ಕೊನೆಗೆ ಲೆಕ್ಕಕ್ಕೆ ಸಿಗುತ್ತದೆ. ಮಾಹಿತಿಯ ಜಗಳ ಹಾಗಲ್ಲ. 1995ರಲ್ಲಿ ಅಮೆರಿಕದಲ್ಲಿ ಅರಿಶಿನದಿಂದ ಗಾಯ ವಾಸಿ ಮಾಡುವುದಕ್ಕೆ ಪೇಟೆಂಟ್ ಕೊಟ್ಟರು. ನಮ್ಮ ಸರ್ಕಾರಿ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಆಕ್ಷೇಪ ಸಲ್ಲಿಸಿ, ಹಳೆಯ ಗ್ರಂಥ, ಪತ್ರಿಕೆಗಳ ಉಲ್ಲೇಖ ತೋರಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಅಜ್ಜಿಗೆ ಗೊತ್ತು ಎಂದರೆ ಸಾಲಲಿಲ್ಲ, ಅಜ್ಜಿಗೆ ಗೊತ್ತಿತ್ತು ಎಂದು ಎಲ್ಲೋ ಅಚ್ಚಾಗಿರಬೇಕಿತ್ತು.

ಅದಕ್ಕೇ ಜಂಟಿ ಸಂಶೋಧನೆಯ ಒಪ್ಪಂದಗಳಲ್ಲಿ ಎರಡು ಪಟ್ಟಿ ಇರುತ್ತದೆ. ಕೈ ಜೋಡಿಸುವ ಮೊದಲೇ ನಮ್ಮ ಹತ್ತಿರ ಏನಿತ್ತು ಎನ್ನುವುದು ಒಂದು. ಜೊತೆಯಾದ ಮೇಲೆ ಹೊಸದಾಗಿ ಏನು ಹುಟ್ಟಿತು ಎನ್ನುವುದು ಇನ್ನೊಂದು. ಯುರೋಪಿನ ಒಪ್ಪಂದಗಳು ಮೊದಲನೆಯದಕ್ಕೆ ಒಂದು ಕಾಲದಲ್ಲಿ ‘ಮೊದಲೇ ಇದ್ದ ತಿಳಿವಳಿಕೆ’ ಎನ್ನುತ್ತಿದ್ದವು. 2007ರಿಂದ ‘ಬ್ಯಾಕ್‌ಗ್ರೌಂಡ್’ ಅಂದವು. ಎರಡನೆಯದು ‘ಜ್ಞಾನ’ ಆಗಿತ್ತು, ‘ಫೋರ್‌ಗ್ರೌಂಡ್’ ಆಯಿತು, 2014ರಿಂದ ‘ಫಲಿತಾಂಶ’. ಹೆಸರು ಬದಲಾದಾಗಲೆಲ್ಲ ನಮ್ಮ ನಮೂನೆಗಳನ್ನೂ ತಿದ್ದಿ ಸಾಕಾಯಿತು ಮಾರಾಯ್ರೆ. ನಮ್ಮ ಕಡೆಯಿಂದ 2002ರ ಜೀವವೈವಿಧ್ಯ ಕಾಯ್ದೆಯೂ ಸೇರಿಕೊಂಡಿತು. ಇಲ್ಲಿನ ಜೀವಿಗಳ ಮೇಲೆ ಮಾಡಿದ ಸಂಶೋಧನೆಯ ಫಲಿತಾಂಶವನ್ನು ವಿದೇಶಿಯರಿಗೆ ಕೊಡಬೇಕಾದರೆ ಅನುಮತಿ ಬೇಕು. ಸರ್ಕಾರದ ಮಾರ್ಗಸೂಚಿಯ ಪ್ರಕಾರ ನಡೆಯುವ ಜಂಟಿ ಯೋಜನೆಗಳಿಗೆ ವಿನಾಯಿತಿ ಉಂಟು.

ಗೋಪ್ಯತೆಯ ಷರತ್ತು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಊರಿಗೇ ಗೊತ್ತಿರುವುದು ಗೋಪ್ಯ ಅಲ್ಲ. ನನಗೆ ಮೊದಲೇ ಗೊತ್ತಿದ್ದದ್ದು ಅಲ್ಲ. ಬೇರೆಯವರಿಂದ ನ್ಯಾಯವಾಗಿ ತಿಳಿದದ್ದು ಅಲ್ಲ. ಕೋರ್ಟು ಕೇಳಿದರೆ ಕೊಡಲೇಬೇಕು. ಬಾಯಲ್ಲಿ ಹೇಳಿದ್ದು ಗೋಪ್ಯ ಆಗಬೇಕಾದರೆ ಇಷ್ಟು ದಿನದೊಳಗೆ ಬರೆದು ಕೊಡಬೇಕು ಎಂಬ ಸಾಲೂ ಸಾಮಾನ್ಯ.

ಈ ಕೊನೆಯ ಸಾಲು ನಮ್ಮನ್ನು ಮಲ್ಪೆಯಲ್ಲಿ ಸಿಕ್ಕಿಸಿತು. ಅದೇ ಸ್ಯಾಂಪಲ್ ಯೋಜನೆಗೆ ನಮಗೆ ದಾರಿ ತೋರಿಸಿದವರು ಒಬ್ಬರು ತಂಡೇಲರು, ಅಂದರೆ ಬೋಟು ನಡೆಸುವವರು. ಅವರ ಜಿಪಿಎಸ್‌ನಲ್ಲಿ ವರ್ಷಗಟ್ಟಲೆ ಗುರುತು ಹಾಕಿದ ಪಾಯಿಂಟುಗಳಿವೆ. ಎಲ್ಲಿ ಬಂಡೆ, ಎಲ್ಲಿ ಕೆಸರು, ಯಾವ ತಿಂಗಳಲ್ಲಿ ಎಲ್ಲಿ ಮೀನು. ಪಕ್ಕದ ಬೋಟಿನವರಿಗೂ ಅವರು ಅದನ್ನು ಕೊಡುವುದಿಲ್ಲ. ನಮಗೆ ಕೊಟ್ಟರು, ಬಾಯಿಮಾತಿನ ಮೇಲೆ. ನಮ್ಮ ಒಪ್ಪಂದದಲ್ಲಿ ಮಾತ್ರ ‘ಯೋಜನೆಯಲ್ಲಿ ಸಂಗ್ರಹಿಸಿದ ಎಲ್ಲ ದತ್ತಾಂಶವನ್ನೂ ಪಾಲುದಾರರೊಂದಿಗೆ ಹಂಚಿಕೊಳ್ಳತಕ್ಕದ್ದು’ ಎಂದಿತ್ತು. ತಂಡೇಲರ ಪಾಯಿಂಟುಗಳು ನಾವು ಸಂಗ್ರಹಿಸಿದ ದತ್ತಾಂಶವಾ, ಅವರು ಮೊದಲೇ ಇಟ್ಟುಕೊಂಡಿದ್ದ ಆಸ್ತಿಯಾ? ಅವರು ಒಪ್ಪಂದದ ಪಾರ್ಟಿಯೇ ಅಲ್ಲ. ಅವರ ಬ್ಯಾಕ್‌ಗ್ರೌಂಡ್ ಬರೆಯಲು ಅಲ್ಲಿ ಕಾಲಮೇ ಇರಲಿಲ್ಲ.

ಜವಾಬ್ದಾರಿಯ ಪುಟದಲ್ಲೂ ಇಂಥದ್ದೇ ತಪ್ಪು. ಪ್ರತಿ ತಿಂಗಳು ಟ್ರಾಲ್ ಬೋಟಿನಿಂದ ಸ್ಯಾಂಪಲ್ ತರುವುದು ನಮ್ಮ ಹೊಣೆ ಎಂದು ಒಪ್ಪಿ ಸಹಿ ಹಾಕಿದ್ದೆವು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಎನ್ನುವುದು ಇಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ವೇಳಾಪಟ್ಟಿ ಮಾಡಿದವರಿಗೆ ಗೊತ್ತಿರಲಿಲ್ಲ, ಓದಿದ ನಮಗೆ ಹೊಳೆಯಲಿಲ್ಲ. ದೈವಾಧೀನ ಘಟನೆಗಳ ಷರತ್ತಿನಲ್ಲಿ ಚಂಡಮಾರುತ, ಯುದ್ಧ ಎಲ್ಲ ಇತ್ತು. ಪ್ರತಿ ವರ್ಷ ತಾರೀಕು ಹಾಕಿಕೊಂಡು ಬರುವ ಮಳೆಗಾಲದ ನಿಷೇಧ ಅದರಲ್ಲಿ ಸೇರುವುದಿಲ್ಲ ಎಂದರು. ಸರಿಯೇ, ಅದು ಅನಿರೀಕ್ಷಿತ ಅಲ್ಲವಲ್ಲ. ಆ ಎರಡು ತಿಂಗಳು ನಾಡದೋಣಿಯವರ ಹತ್ತಿರ ಸ್ಯಾಂಪಲ್ ತೆಗೆದುಕೊಂಡೆವು. ಅದಕ್ಕೂ ಒಂದು ತಿದ್ದುಪಡಿ ಪತ್ರ ಬೇಕಾಯಿತು.

ಕೊನೆಗೆ ಒಂದು ಅನುಬಂಧ ಸೇರಿಸಿದೆವು. ಒಂದೇ ಪುಟ, ಕನ್ನಡದಲ್ಲಿ. ತಂಡೇಲರ ಪಾಯಿಂಟುಗಳು ಅವರದ್ದೇ. ವರದಿಯಲ್ಲಿ ಜಾಗದ ಹೆಸರು ಬರಬಹುದು, ಅಕ್ಷಾಂಶ ರೇಖಾಂಶ ಬರಬಾರದು. ಯೋಜನೆ ಮುಗಿದ ದಿನ ನಮ್ಮ ಕಂಪ್ಯೂಟರಿನಿಂದ ಅವನ್ನು ಅಳಿಸಬೇಕು. ಬಂದರಿನ ಚಾ ಅಂಗಡಿಯಲ್ಲಿ ಕೂತು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು.

“ಇದೆಲ್ಲ ಸರಿ ಸಾರ್. ನೀವು ಹೇಳಿದ ಕಡೆ ಹೋಗಿ ನಮ್ಮ ಬಲೆ ಹರಿದರೆ ಅದು ಎಂತ ಲೆಕ್ಕ?”

ಪೆನ್ನು ನನ್ನ ಕೈಯಲ್ಲೇ ಇತ್ತು. ನಾಲ್ಕನೇ ಸಾಲು ಎಂದು ಅಂಕಿ ಹಾಕಿ, ಕೇಳಿ ಹೇಳುತ್ತೇನೆ ಎಂದೆ. ಅನುದಾನ ಕೊಟ್ಟವರಿಗೆ ಮೇಲ್ ಹೋಗಿದೆ. ಉತ್ತರ ಬರುವ ತನಕ ಬಲೆ ಬಿಡುವ ಜಾಗವನ್ನು ತಂಡೇಲರೇ ಆರಿಸುತ್ತಿದ್ದಾರೆ.